ಫಕೀರಪ್ಪನ ಓಟ

ಈ ಊರಿನ ಶಾಲೆಗೆ ಪೀಟಿ ಟೀಚರಾಗಿ ಕೆಲಸಕ್ಕೆ ಬಂದ ದಿನ ಹೆಡ್ ಮಾಸ್ತರ ಚಿಕ್ಕಮಠ ಅವರು ನನ್ನ ಸರ್ಟಿಫಿಕೇಟುಗಳನ್ನು ಮುಟ್ಟಿಯೂ ನೋಡಲಿಲ್ಲ. ಕಿಟಕಿಯಾಚೆಯ ಮೈದಾನ ತೋರಿಸಿ, “ಆ ಗ್ವಾಡಿತನಕ ಒಂದ್ಸಲ ಓಡಿ ಬರ್ರಿ ಟೀಚರ, ನೋಡೂಣು” ಎಂದರು. ಸೀರೆ ಉಟ್ಟು, ಚೀಲ ಹೊತ್ತು, ಆಗಷ್ಟೇ ಬಸ್ಸಿಳಿದು ಬಂದವಳಿಗೆ ಹೇಳುವ ಮಾತೇ ಇದು? ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆದರೂ ಹೊಸ ಕೆಲಸ, ಏನು ಮಾಡುವುದು? ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆ ಮುಟ್ಟಿ ಓಡಿ ಬಂದೆ. ಚಿಕ್ಕಮಠರು ಕನ್ನಡಕ ಒರೆಸಿಕೊಂಡು ತಲೆದೂಗಿದರು.

“ಚಲೋ ಓಟ ಐತ್ರಿ. ಯಾರು ಕೊಟ್ಟಿದ್ರು?”

“ಓಟ ಯಾರು ಕೊಡ್ತಾರೆ ಸರ್? ನಂದೇ.”

ಅವರ ಮುಖ ಸಣ್ಣದಾಯಿತು. ಹೆತ್ತವರಿಲ್ಲದ ಕೂಸನ್ನು ನೋಡುವ ಹಾಗೆ ನನ್ನನ್ನು ನೋಡಿ, “ಇರ್ಲಿ ಬಿಡ್ರಿ, ಅದಕ್ಯಾಕ ಬ್ಯಾಸರಾ ಮಾಡ್ಕೋತೀರಿ, ಚಾ ಕುಡೀರಿ” ಎಂದು ಸಮಾಧಾನ ಮಾಡಿದರು. ನನಗೇನು ಬೇಸರ, ಯಾಕೆ ಬೇಸರ ಎಂದು ತಿಳಿಯದೆ ಚಹಾ ಕುಡಿದೆ.

ಆಮೇಲೆ ತಿಳಿಯಿತು. ಈ ಊರಿನಲ್ಲಿ ಓಟವಾಗಲಿ, ಜಿಗಿತವಾಗಲಿ, ಚೆಂಡೆಸೆಯುವುದಾಗಲಿ ಯಾರಿಗೂ ತಾನಾಗಿ ಬರುವುದಿಲ್ಲ. ಯಾರಾದರೂ ಕೊಡಬೇಕು. ಓಟ ಕೊಡುವವರು ಮುಂದೆ ಓಡುತ್ತಾರೆ, ಇಸಿದುಕೊಳ್ಳುವವರು ಅವರ ಬೆನ್ನಿಗೆ ಅಂಗೈ ಹಚ್ಚಿಕೊಂಡು ಹಿಂದೆ ಹಿಂದೆ ಎಡವುತ್ತ ಹೋಗುತ್ತಾರೆ. ನಾಲ್ಕಾರು ದಿನ ಬಿದ್ದು ಎದ್ದ ಮೇಲೆ ಅದು ಮೈಗೆ ಹತ್ತುತ್ತದೆ. ಹತ್ತಿತೆಂದರೆ ಕೊಟ್ಟವರ ಓಟದ್ದೇ ಪಡಿಯಚ್ಚು, ಅವರ ಓರೆಕೋರೆಗಳ ಸಮೇತ. ಕೊಟ್ಟವರಿಗೇನೂ ಕಡಿಮೆಯಾಗುವುದಿಲ್ಲ. ಆದರೆ ಒಂದು ಮೈಯಲ್ಲಿ ಎರಡು ಓಟ ಇರುವುದಿಲ್ಲ. ಹೊಸದು ಬಂತೆಂದರೆ ಹಳೆಯದು ಹೋಯಿತು, ಮತ್ತೆ ಬೇಕೆಂದರೂ ಬರುವುದಿಲ್ಲ.

ಹಾಗಾಗಿ ಇಲ್ಲಿ ಸತ್ತವರು ಪೂರ್ತಿ ಸತ್ತಿರುವುದಿಲ್ಲ. ಪೇಟೆ ಓಣಿಯ ಗಂಡಸರೆಲ್ಲ ಗಟಾರ ಜಿಗಿಯುವಾಗ ನೆತ್ತಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಯಾವುದೋ ಕಾಲದಲ್ಲಿ ಅವರಿಗೆಲ್ಲ ಜಿಗಿತ ಕೊಟ್ಟ ಮುದುಕ ಟೋಪಿ ಹಾಕುತ್ತಿದ್ದನಂತೆ. ಕೆರೆ ಓಣಿಯಲ್ಲಿ ಚೆಂಡು ಹಿಡಿಯುವವರೆಲ್ಲ ಕಣ್ಣು ಮುಚ್ಚಿಕೊಂಡೇ ಹಿಡಿಯುತ್ತಾರೆ, ಅದಕ್ಕೇ ಆ ಓಣಿಯ ತಂಡ ಒಂದಾದರೂ ಪಂದ್ಯ ಗೆದ್ದದ್ದನ್ನು ಯಾರೂ ಕಂಡಿಲ್ಲ. ಸಂತೆಯಲ್ಲಿ ಒಬ್ಬ ಹುಡುಗ ಕೆಸರಿನ ಗುಂಡಿ ದಾಟಿದ್ದನ್ನು ನೋಡಿ ಬದನೆಕಾಯಿ ಮಾರುವ ಅಜ್ಜಿ, “ನಮ್ಮಣ್ಣ, ನಮ್ಮಣ್ಣ ಹೊಂಟಾನ ನೋಡ್ರಿ” ಎಂದು ಅತ್ತದ್ದನ್ನು ನಾನೇ ಕಂಡಿದ್ದೇನೆ. ಮಾತನ್ನು ಮಾತ್ರ ಇಲ್ಲಿ ಯಾರೂ ಕೊಡಬೇಕಾಗಿಲ್ಲ. ವರ್ಷ ತುಂಬುವುದರೊಳಗೆ ಇಲ್ಲಿಯ ಮಾತು ನನ್ನ ನಾಲಿಗೆಗೆ ತಾನೇ ಹತ್ತಿತು.

ತರಬೇತಿ ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟಿದ್ದು ಇಷ್ಟೇ: ಮಕ್ಕಳಿಗೆ ಆಟ ಕಲಿಸುವ ಮೊದಲು ಮೂಲ ಚಲನೆಗಳನ್ನು ಕಲಿಸಬೇಕು. ಓಡುವುದು, ಜಿಗಿಯುವುದು, ಕುಪ್ಪಳಿಸುವುದು, ಎಸೆಯುವುದು, ಹಿಡಿಯುವುದು, ಒಂಟಿ ಕಾಲಲ್ಲಿ ಅಲ್ಲಾಡದೆ ನಿಲ್ಲುವುದು. ಇವು ಸರಿ ಬಂದರೆ ಕಬಡ್ಡಿ, ಖೋಖೋ ಎಲ್ಲ ಹಿಂದೆಯೇ ಬರುತ್ತವೆ. ನನ್ನ ಓಟದ ಬಗ್ಗೆ ನನಗೆ ಜಂಬವೂ ಇತ್ತು. ಮೂರನೇ ನಾಲ್ಕನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬೆನ್ನ ಹಿಂದೆ ಹಾಕಿಕೊಂಡು ಓಡಿದೆ. ತಿಂಗಳು ಕಳೆಯುವಷ್ಟರಲ್ಲಿ ಪಾಲಕರ ದಂಡೇ ಹೆಡ್ ಮಾಸ್ತರರ ಕೋಣೆಗೆ ಬಂತು. ಓಡುವ ಮುಂಚೆ ಸೆರಗು ಸೊಂಟಕ್ಕೆ ಸಿಕ್ಕಿಸುವುದು ನನಗೆ ರೂಢಿ. ಈಗ ಇಡೀ ತರಗತಿಯ ಗಂಡುಹುಡುಗರು ಚಡ್ಡಿ ಹಾಕಿಕೊಂಡು ನಿಂತು, ಇಲ್ಲದ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿ ಆಮೇಲೆ ಓಡುತ್ತಿದ್ದರು. “ನಮ್ಮ ಹುಡುಗನ್ನ ಏನ್ ಮಾಡಿಟ್ರಿ ಟೀಚರ? ನಾಳೆ ಇವಗ ಹೆಣ್ಣು ಕೊಡೋರು ಯಾರು?” ಎಂದು ಒಬ್ಬ ತಂದೆ ಕೂಗಾಡಿದ. ನಾನು ಚೂಡಿದಾರ ಹೊಲಿಸಿಕೊಂಡು, ಕೈ ಸೊಂಟಕ್ಕೆ ಹೋಗದಂತೆ ತಿಂಗಳುಗಟ್ಟಲೆ ರೂಢಿ ಮಾಡಿಕೊಂಡು, ಎಲ್ಲರಿಗೂ ಹೊಸದಾಗಿ ಓಟ ಕೊಟ್ಟು ಮುಗಿಸುವ ಹೊತ್ತಿಗೆ ನನ್ನ ಮೊಣಕಾಲು ಕಳಚಿ ಬೀಳುವುದೊಂದು ಬಾಕಿ.

ಅದಕ್ಕಿಂತ ದೊಡ್ಡ ಗದ್ದಲ ಹೆಣ್ಣುಮಕ್ಕಳದ್ದು. ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ ತಾಯಂದಿರು ನಡಿಗೆ ಕೊಡುತ್ತಿದ್ದರು, ಕೊಡ ಹೊರುವುದನ್ನು ಕೊಡುತ್ತಿದ್ದರು. ಓಟ ಕೊಡುತ್ತಿರಲಿಲ್ಲ. ನಾನು ಕೊಟ್ಟೆ. ಚಿಕ್ಕಮಠರು, “ಸರಕಾರದ ಪಾಠ ಐತ್ರಿಪಾ, ನಾವೇನು ಮಾಡೂಣು” ಎಂದು ಎಲ್ಲರನ್ನೂ ಬಾಗಿಲಿನಿಂದಲೇ ಸಾಗಹಾಕಿದರು. ಆ ಮನುಷ್ಯನ ಅಂಜುಬುರುಕತನದ ಒಳಗೆ ಒಂದು ಧೈರ್ಯವೂ ಇತ್ತು ಎಂಬುದು ಆಗಲೇ ನನಗೆ ತಿಳಿದದ್ದು.

ಆದರೆ ನಾಲ್ಕನೇ ತರಗತಿಯ ಹುಡುಗಿಯರಲ್ಲಿ ಒಬ್ಬಳಿಗೆ ಮಾತ್ರ ನಾನು ಬರುವ ಮೊದಲೇ ಓಟ ಇತ್ತು. ಇಂದ್ರವ್ವ ಅಂತ. ಬಡಕಲು ಹುಡುಗಿ, ಎರಡು ಜಡೆ, ಹಣೆಯ ತುಂಬ ಹಳೆಯ ಗಾಯದ ಕಲೆಗಳು. ಅವಳು ಓಡುವುದನ್ನು ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಕಾಲು ಮುಂದೆ ಹೋಗುತ್ತಿತ್ತು, ಮುಖ ಎಡಭುಜದ ಮೇಲಿಂದ ಪೂರ್ತಿ ಹಿಂದೆ ತಿರುಗಿರುತ್ತಿತ್ತು. ಬಲಗೈ ಆಗಾಗ ಪಕ್ಕದ ಗಾಳಿಯನ್ನು ಪಟಪಟ ಬಡಿಯುತ್ತಿತ್ತು. ಹಾಗೇ ಓಡುತ್ತ ಓಡುತ್ತ ಧ್ವಜದ ಕಂಬಕ್ಕೆ ಹೋಗಿ ಬಡಿದಳು. ಮಕ್ಕಳು ಯಾರೂ ನಗಲಿಲ್ಲ. ನನ್ನ ನಗುವೂ ಅಲ್ಲಿಗೇ ನಿಂತಿತು.

“ಅದು ಕ್ಲೀನರ್ ಫಕೀರಪ್ಪನ ಓಟ ರೀ” ಎಂದರು ಚಿಕ್ಕಮಠರು. ಇಂದ್ರವ್ವನ ಅಪ್ಪ ಫಕೀರಪ್ಪ ಊರಿನ ಒಂದೇ ಒಂದು ಬಸ್ಸಿನ ಕ್ಲೀನರ್ ಆಗಿದ್ದ. ಬಸ್ಸು ಹೊರಟಾಗ ಅದರ ಪಕ್ಕದಲ್ಲಿ ಓಡುತ್ತ, ಬಲಗೈಯಿಂದ ಅದರ ಮೈ ಬಡಿಯುತ್ತ, ಇನ್ನೂ ಯಾರಾದರೂ ಬರುವವರಿದ್ದಾರೆಯೇ ಎಂದು ಹಿಂದೆ ಹೊರಳಿ ನೋಡುತ್ತ, ಕಡೆಯ ಗಳಿಗೆಯಲ್ಲಿ ಮೆಟ್ಟಿಲಿಗೆ ಹಾರುತ್ತಿದ್ದ. ಬಸ್ಸಿನ ಪಕ್ಕದಲ್ಲೇ ಆಯುಷ್ಯ ಕಳೆದು ಅವನ ಓಟವೇ ಹಾಗೆ ತಿರುಗಿಬಿಟ್ಟಿತ್ತು. ಬಸ್ಸಿಲ್ಲದ ಕಡೆಯೂ ಹಾಗೇ ಓಡುತ್ತಿದ್ದ. ಇಂದ್ರವ್ವ ಆಗಷ್ಟೇ ನಡೆಯುವುದು ಕಲಿತಾಗ, ಊರವರು ಬೇಡವೆಂದರೂ ಕೇಳದೆ, ಹೆಣ್ಣುಮಗಳಿಗೆ ತನ್ನ ಓಟ ಕೊಟ್ಟ. ಅದಾದ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡ. ಆ ಓಟ ಈಗ ಭೂಮಿಯ ಮೇಲೆ ಈ ಹುಡುಗಿಯ ಮೈಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

“ಮುಂದೆ ನೋಡು ಇಂದ್ರವ್ವ! ಕಣ್ಣು ಮುಂದೆ!” ಎಂದು ನಾನು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಪಾಪ, ಅವಳು ಪ್ರಯತ್ನಿಸುತ್ತಿದ್ದಳು. ನಿಂತಾಗ ಮುಖ ಮುಂದೆಯೇ ಇರುತ್ತಿತ್ತು. ಕಾಲು ಓಟಕ್ಕೆ ಬಿದ್ದ ಕೂಡಲೇ ಯಾರೋ ಹಿಂದಿನಿಂದ ಹೆಸರು ಕರೆದ ಹಾಗೆ ಕತ್ತು ತಾನಾಗಿ ತಿರುಗುತ್ತಿತ್ತು.

ಮಧ್ಯಾಹ್ನದ ಕೊನೆಯ ಪೀರಿಯಡ್ ಆಟದ್ದು. ಆ ಹೊತ್ತಿಗೆ ದಿನಾ ಒಬ್ಬ ಹೆಂಗಸು ಕಂಪೌಂಡಿನ ಹೊರಗೆ ಬಂದು ನಿಲ್ಲುತ್ತಿದ್ದಳು. ಕಚ್ಚೆ ಸೀರೆ, ಮೊಣಕೈತನಕ ಜೋಳದ ಹಿಟ್ಟು. ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೂವಕ್ಕ, ಇಂದ್ರವ್ವನ ತಾಯಿ. ಇಂದ್ರವ್ವ ಓಡುವಷ್ಟು ಹೊತ್ತು ಗೋಡೆಗೆ ಎದೆಯಾನಿಸಿ ನೋಡುತ್ತಿದ್ದಳು. ಓಟ ಮುಗಿದು ಹುಡುಗಿ ನಡೆಯತೊಡಗಿದರೆ ಹೊರಟುಬಿಡುತ್ತಿದ್ದಳು. ಮಗಳಿಗೆ ಕೈ ಬೀಸಿದ್ದನ್ನು ನಾನು ಎಂದೂ ನೋಡಲಿಲ್ಲ.

ಒಂದು ದಿನ ನಾನೇ ಗೋಡೆಯ ಹತ್ತಿರ ಹೋದೆ. “ಹೂವಕ್ಕ, ನಿಮ್ಮ ಮಗಳಿಗೆ ಬ್ಯಾರೆ ಓಟ ಕೊಡ್ತೀನಿ. ಎಲ್ಲಾ ಮಕ್ಕಳಿಗೂ ಕೊಟ್ಟೀನಿ. ಇಕಿ ಹಿಂಗ ಓಡಿದ್ರ ಕೈಕಾಲು ಮುರ್ಕೋತಾಳ.”

“ಬ್ಯಾಡ್ರಿ ಅಕ್ಕಾರ.”

“ಯಾಕ್ರಿ?”

“ನಮ್ಮನಿಯವರ ಫೋಟೋ ಸೈತ ಇಲ್ರಿ ನನ್ನ ಹತ್ರ” ಎಂದಳು. “ತಗಸಿರಲಿಲ್ಲ. ಇದೊಂದ ಉಳದೈತಿ. ಕೈ ಮುಗೀತೀನಿ, ಇದನ್ನ ಅಳಸಬ್ಯಾಡ್ರಿ.”

ಇಂದ್ರವ್ವನಿಗೆ ಓಟ ಬಿಟ್ಟು ಉಳಿದದ್ದನ್ನೆಲ್ಲ ಕೊಟ್ಟೆ. ಚೆಂಡು ಎದೆಗವಚಿ ಹಿಡಿಯುವುದು, ಒಂಟಿ ಕಾಲಲ್ಲಿ ಕೊಕ್ಕರೆಯ ಹಾಗೆ ನಿಲ್ಲುವುದು, ಎರಡೂ ಮೊಣಕಾಲು ಮಡಚಿ ಸದ್ದಾಗದಂತೆ ಇಳಿಯುವುದು. ಎಲ್ಲವನ್ನೂ ಬೇಗ ಇಸಿದುಕೊಂಡಳು. ಆದರೆ ಮಕ್ಕಳನ್ನು ಓಡಬೇಡ ಎಂದು ಹೇಳಿ ಸುಮ್ಮನೆ ಕೂರಿಸಲು ಯಾರಿಗಾದರೂ ಆಗುತ್ತದೆಯೇ? ದೀಪಾವಳಿ ರಜೆ ಮುಗಿದ ವಾರ ಮುಟ್ಟಾಟದಲ್ಲಿ ಎಲ್ಲರ ಜೊತೆ ತಾನೂ ಓಡಿದಳು. ನೀರಿನ ಟಾಕಿಯ ಕಬ್ಬಿಣದ ನಲ್ಲಿ ಹುಬ್ಬಿಗೆ ಹೊಡೆಯಿತು. ನಾನು ಎತ್ತಿಕೊಂಡಾಗ ನನ್ನ ಹೆಗಲೆಲ್ಲ ರಕ್ತ. ಇನ್ನೊಂದು ಚೂರು ಕೆಳಗೆ ತಗುಲಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ದವಾಖಾನೆಯ ಡಾಕ್ಟರು.

ಅಲ್ಲಿಂದ ನೆಟ್ಟಗೆ ಖಾನಾವಳಿಗೆ ಹೋದೆ. ಊಟಕ್ಕೆ ಕೂತ ಡ್ರೈವರುಗಳು, ಹಮಾಲರು ಎಲ್ಲರ ಎದುರೇ ಹೂವಕ್ಕನ ಮೇಲೆ ಹರಿಹಾಯ್ದೆ. “ಕೂಸಿನ ಕಣ್ಣು ಹೋಗೋದಿತ್ತು! ಸತ್ತವರ ಓಟಕ್ಕೆ ಬದುಕಿರೋ ಮಗಳನ್ನು ಬಲಿ ಕೊಡ್ತೀರೇನ್ರಿ? ಅಷ್ಟು ಬೇಕಾದ್ರೆ ನೀವೇ ಇಸ್ಕೊಳ್ರಿ ಆ ಓಟಾನ! ನಿಮ್ಮ ಮೈಯಾಗ ಇಟ್ಕೊಳ್ರಿ!”

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅದು. ಆಡಿದ ಮೇಲೆ ನನಗೇ ಗೊತ್ತಾಯಿತು, ಹಾಗೂ ಮಾಡಬಹುದಲ್ಲ ಎಂದು. ಹೂವಕ್ಕನಿಗೆ ಓಟವೇ ಇರಲಿಲ್ಲ, ಅವಳ ಕಾಲದ ಎಲ್ಲ ಹೆಂಗಸರ ಹಾಗೆ. ಮಗಳಿಂದ ಅವಳು ಇಸಿದುಕೊಂಡರೆ ಫಕೀರಪ್ಪನ ಓಟ ಉಳಿಯುತ್ತದೆ, ಹುಡುಗಿಗೆ ನಾನು ಬೇರೆಯದು ಕೊಡಬಹುದು. ಹೂವಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಮೆಲ್ಲಗೆ ಹೇಳಿದಳು.

“ನಾನ ಇಸ್ಕೊಂಡ್ರ ನನಗ ಕಾಣಾಂಗಿಲ್ಲಲ್ರಿ ಅಕ್ಕಾರ. ನನ್ನ ಓಟ ನಾನು ಹ್ಯಾಂಗ ನೋಡ್ಲಿ?”

ಮಗಳು ದವಾಖಾನೆಯಲ್ಲಿದ್ದಾಳೆ, ಹೋಗಿ ನೋಡಿ ಎಂದಷ್ಟೇ ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿಯನ್ನೂ ಬಿಟ್ಟು ಹೊರಟಳು. ಓಡಲು ಬಾರದವಳು ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ನಡೆದಳು.

ಹುಬ್ಬಿನ ಹೊಲಿಗೆ ಒಣಗುವವರೆಗೆ ಇಂದ್ರವ್ವನನ್ನು ಆಟದ ಪೀರಿಯಡ್ಡಿನಲ್ಲಿ ಬೇವಿನ ಮರದ ಕೆಳಗೆ ಕೂರಿಸಿದೆ. ಎಲ್ಲರೂ ಓಡುವಾಗ ಅವಳು ಕಲ್ಲು ಆರಿಸುತ್ತ ಕೂತಿರುತ್ತಿದ್ದಳು. ಹೂವಕ್ಕ ಗೋಡೆಯ ಹತ್ತಿರ ಬರುವುದೂ ನಿಂತಿತು. ಓಟವೇ ಇಲ್ಲದಿದ್ದರೆ ಬಂದು ನೋಡುವುದೇನು?

ಹೀಗಿರುವಾಗ ಒಂದು ಮಧ್ಯಾಹ್ನ ಟಾಕಿಯ ಹಿಂದೆ ಏನೋ ಗುಸುಗುಸು ಕೇಳಿ ಹೋದೆ. ಇಂದ್ರವ್ವ ಒಂದನೇ ತರಗತಿಯ ಒಬ್ಬ ಪುಟ್ಟ ಹುಡುಗಿಯ ಕೈಯನ್ನು ತನ್ನ ಬೆನ್ನಿಗೆ ಹಚ್ಚಿಸಿಕೊಂಡು ಓಡಲು ನಿಂತಿದ್ದಳು. ಅಂದರೆ ತನ್ನ ಓಟ ಕೊಡುತ್ತಿದ್ದಳು. ಆ ಮಗುವಿನ ಕತ್ತು ಆಗಲೇ ಒಂದಿಷ್ಟು ಎಡಕ್ಕೆ ಹೊರಳತೊಡಗಿತ್ತು. ನಾನು ಚೀರಿ ಇಬ್ಬರನ್ನೂ ಬಿಡಿಸಿದೆ. ಪುಟ್ಟಿ ಅಳುತ್ತ ತರಗತಿಗೆ ಹೋದಳು.

“ಏನ್ ಮಾಡಾಕತ್ತಿದ್ದಿ ನೀ? ಆ ಕೂಸೂ ಗ್ವಾಡಿಗೆ ಬಡಕೋಬೇಕೇನು?”

ಇಂದ್ರವ್ವ ನೆಲ ನೋಡುತ್ತ ಹೇಳಿದಳು. “ಯಾರರೆ ಇಟ್ಕೊಂಡ್ರ ಸಾಕ್ರಿ. ಭಾಳ ಮಂದೀನ ಕೇಳಿದೆ, ಯಾರೂ ಒಲ್ಲೆ ಅಂದ್ರು. ಇಕಿ ಎರಡು ಪೇರಲಹಣ್ಣು ಕೊಟ್ರ ಇಟ್ಕೋತೀನಿ ಅಂದ್ಲು.”

“ಇಕಿ ಯಾಕ ಇಟ್ಕೋಬೇಕು?”

“ಅವ್ವ ಇಕೀನ್ನ ನೋಡ್ತಾಳಲ್ರಿ. ನಾ ನಿಮ್ಮ ಓಟ ಇಸ್ಕೋತೀನಿ.” ಆಮೇಲೆ ಗಾಯದ ಪಟ್ಟಿಯನ್ನು ಬೆರಳಿನಿಂದ ಕೆರೆಯುತ್ತ, ಲೆಕ್ಕ ಕೇಳಿದಷ್ಟೇ ಸಾದಾ ದನಿಯಲ್ಲಿ ಕೇಳಿದಳು. “ಅಕ್ಕಾರ, ನನ್ನ ಓಟ ಹೋದ ಮ್ಯಾಲೆ ಅವ್ವ ನನ್ನ ನೋಡಾಕ ಬರ್ತಾಳೇನ್ರಿ?”

ನಾನು “ಬರ್ತಾಳ” ಎನ್ನಬೇಕಿತ್ತು. ಒಂದು ಉಸಿರು ತಡವಾಯಿತು. ಅವಳೇ ತಲೆಯಾಡಿಸಿ, “ಬರಂಗಿಲ್ಲ” ಎಂದಳು.

ಒಂದು ಕ್ಷಣ ನನಗೇ ಕೊಡು ಆ ಓಟವನ್ನು ಎನ್ನಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪೀಟಿ ಟೀಚರೇ ಹಿಂದೆ ನೋಡಿ ಓಡತೊಡಗಿದರೆ ನಾಳೆ ಊರ ಮಕ್ಕಳೆಲ್ಲ ಕಂಬಕ್ಕೆ ಬಡಿದುಕೊಳ್ಳುತ್ತಾರೆ. ಅದೂ ಅಲ್ಲದೆ, ಆ ಹುಡುಗಿಗೆ ಬೇಕಾದದ್ದು ನಾನು ಓಟ ಇಟ್ಟುಕೊಳ್ಳುವುದಲ್ಲ ಎಂದು ನನ್ನಂಥ ದಡ್ಡಿಗೂ ಗೊತ್ತಾಗಿತ್ತು.

ಅಂದು ಶಾಲೆ ಬಿಟ್ಟ ಮೇಲೆ ಮತ್ತೆ ಖಾನಾವಳಿಗೆ ಹೋದೆ. ಈ ಸಲ ಕೂಗಾಡಲಿಲ್ಲ. ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಹುಡುಗಿ ಕೇಳಿದ್ದನ್ನು ಅವಳ ಮಾತಿನಲ್ಲೇ ಹೂವಕ್ಕನಿಗೆ ಹೇಳಿದೆ. ಬಡಿಯುತ್ತಿದ್ದ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಮಾಲೀಕ ಒಳಗಿನಿಂದ ಬೈದ. ಅವಳಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

“ನಾ ಇಕೀನ್ನ ನೋಡೇ ಇಲ್ಲೇನ್ರಿ?” ಎಂದಳು. ನನ್ನನ್ನು ಕೇಳಿದ್ದಲ್ಲ ಅದು. ಸೀದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು ತಾನಾಗಿಯೇ ಮಾತು ತೆಗೆದಳು. ಮದುವೆಗೆ ಮೊದಲು ಅವಳು ಆಚೆ ಊರಿಗೆ ಕೂಲಿಗೆ ಹೋಗುತ್ತಿದ್ದಳಂತೆ. ದಿನಾ ಬಸ್ಸಿಗೆ ತಡ. ಬಸ್ಸು ಹೊರಟುಬಿಡುತ್ತಿತ್ತು, ಅವಳಿಗೆ ಓಟ ಇಲ್ಲ. “ನಾ ದಪದಪ ನಡಕೋತ ಬರ್ತಿದ್ದೆ. ಆತ ಬಸ್ಸಿನ ಬಾಜೂಕ ಓಡಕೋತ ಹಿಂದ ಹೊಳ್ಳಿ ನೋಡ್ತಿದ್ದ. ಡ್ರೈವರ್ ಬೈತಿದ್ದ. ಇಂವ ಬಸ್ ಬಡದು ಬಡದು ನಿಲ್ಲಸ್ತಿದ್ದ. ಮಗಳಿಗೆ ಓಟ ಕೊಡೂಮುಂದ ಊರವ್ರೆಲ್ಲಾ ಬ್ಯಾಡಂದ್ರ, ನನ್ನ ಮಗಳು ಬಸ್ಸಿನ ಹಿಂದ ನಡಕೋತ ಬರಬಾರದು ಅಂದಾ.” ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಟ್ಟು ಕೆನ್ನೆಗೆಲ್ಲ ಹತ್ತಿತು. “ಗಂಡ ಸತ್ತಾಕಿ ಮೈದಾನದಾಗ ಓಡಿದ್ರ ಮಂದಿ ಏನಂದಾರ್ರಿ ಅಕ್ಕಾರ?”

“ಏನರೆ ಅನ್ಲಿ. ನೀವು ಓಡ್ತೀರಲ್ಲ, ಅವರ ಮಾತು ಹಿಂದ ಉಳೀತೈತಿ” ಎಂದೆ. ಅವಳು ನಕ್ಕಳು. ಅವಳ ನಗು ನಾನು ಕಂಡದ್ದು ಅದೇ ಮೊದಲು.

ಮರುದಿನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಬಂದಳು. ಕಚ್ಚೆ ಬಿಗಿಯಾಗಿ ಕಟ್ಟಿದ್ದಳು. ಚಿಕ್ಕಮಠರಿಗೆ ಮೊದಲೇ ಹೇಳಿದ್ದೆ. ವಯಸ್ಸಾದ ಮೈಗೆ ಓಟ ಹತ್ತಿದ್ದನ್ನು ತಾವು ಕೇಳಿಯೇ ಇಲ್ಲ, ಹತ್ತದಿದ್ದರೆ ಆ ಹೆಂಗಸು ಎದೆ ಒಡೆದುಕೊಳ್ಳುತ್ತಾಳೆ ಎಂದು ಅವರಿಗೆ ಚಿಂತೆ. ಆದರೂ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, ಇಣುಕಿದವರಿಗೆಲ್ಲ “ಒಳಗ ಪಾಲಕರ ಸಭಾ ನಡದೈತ್ರಿ” ಎಂದು ಗಂಭೀರವಾಗಿ ಹೇಳುತ್ತಿದ್ದರು.

ಇಂದ್ರವ್ವ ಮುಂದೆ ನಿಂತಳು. ಹೂವಕ್ಕ ಮಗಳ ಬೆನ್ನಿಗೆ ಅಂಗೈ ಹಚ್ಚಿದಳು. ಕಂಬ, ನಲ್ಲಿ, ಮರ ಯಾವುದೂ ದಾರಿಗೆ ಬಾರದಂತೆ ನಾನು ಪಕ್ಕದಲ್ಲಿ ಓಡುತ್ತ ಇಬ್ಬರನ್ನೂ ಎಳೆದು ತಿರುಗಿಸುತ್ತಿದ್ದೆ. ಮೊದಲ ದಿನ ಹೂವಕ್ಕನ ಕಾಲು ನೆಲ ಬಿಡಲೇ ಇಲ್ಲ. ಹುಟ್ಟಿದಾಗಿನಿಂದ ಒಂದು ಕಾಲು ಊರಿದ ಮೇಲೆಯೇ ಇನ್ನೊಂದನ್ನು ಎತ್ತಿದ ಮೈ ಅದು. ಎರಡೂ ಕಾಲು ಗಾಳಿಯಲ್ಲಿರುವ ಆ ಒಂದು ಚೂರು ಹೊತ್ತನ್ನು ಅದು ನಂಬಲೊಲ್ಲದು. ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸವೇ ಆ ಚೂರು ಹೊತ್ತು. ಕಾಲೇಜಿನಲ್ಲಿ ಅದನ್ನು ಓದಿ, ಮಕ್ಕಳಿಗೆ ಪಾಠವನ್ನೂ ಮಾಡಿದ್ದರೂ ಅದು ಇಷ್ಟು ಹೆದರಿಕೆಯದು ಎಂದು ನನಗೆ ಅರ್ಥವಾದದ್ದು ಹೂವಕ್ಕನ ಮುಖ ನೋಡಿದಾಗ.

“ಅವ್ವಾ, ಮೊಣಕಾಲು ಎತ್ತ! ಎಷ್ಟು ಸಲ ಹೇಳಬೇಕು ನಿನಗ!” ಎಂದು ಇಂದ್ರವ್ವ ಗದರಿಸುತ್ತಿದ್ದಳು. ಥೇಟ್ ನನ್ನದೇ ದನಿ. ನಾನು ಅಷ್ಟು ಕೆಟ್ಟದಾಗಿ ಗದರುತ್ತೇನೆಯೇ ಎಂದು ನಾಚಿಕೆಯಾಯಿತು. ಹೂವಕ್ಕ ಬಿದ್ದಳು, ಎದ್ದಳು, ಅಂಗೈ ತರಚಿಕೊಂಡಳು. ಆ ಕೈಯಲ್ಲೇ ಮರುದಿನ ರೊಟ್ಟಿ ಬಡಿದು, ಸಂಜೆ ಮತ್ತೆ ಬಂದಳು. ಒಂದು ಸಂಜೆ ಸಾಕಾಗಿ ಹೋಗಿ, “ನನಗ ಹತ್ತಾಂಗಿಲ್ರಿ ಇದು” ಎಂದು ಮೈದಾನದ ನಡುವೆಯೇ ಕೂತುಬಿಟ್ಟಳು. ಇಂದ್ರವ್ವ ಅವಳ ಪಕ್ಕ ಕೂತು, ತಾಯಿಯ ಕಾಲಿಗೆ ಮೆತ್ತಿದ ಮಣ್ಣನ್ನು ಒರೆಸಿದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಎದ್ದರು.

ಆವತ್ತೇ ಆದದ್ದು. ಅರ್ಧ ಮೈದಾನ ದಾಟಿದ ಮೇಲೆ ಹೂವಕ್ಕನ ಕೈ ಮಗಳ ಬೆನ್ನಿನಿಂದ ಜಾರಿತು. ಇಂದ್ರವ್ವ ಪಕ್ಕಕ್ಕೆ ಸರಿದು ನಿಂತಳು. ಹೂವಕ್ಕ ನಿಲ್ಲಲಿಲ್ಲ. ನೆಲ ಅವಳನ್ನು ಬಿಟ್ಟು, ಹಿಡಿದು, ಬಿಟ್ಟು, ಹಿಡಿದು ಮುಂದೆ ಸಾಗಹಾಕುತ್ತಿತ್ತು. ನೋಡನೋಡುತ್ತಿದ್ದಂತೆ ಅವಳ ಕತ್ತು ಎಡಭುಜದ ಮೇಲಿಂದ ಹಿಂದೆ ತಿರುಗಿತು. ಬಲಗೈ ಎದ್ದು ಪಕ್ಕದ ಗಾಳಿಯನ್ನು ಪಟಪಟ ಬಡಿಯಿತು. ಗೇಟಿನ ಹತ್ತಿರ ಚಿಕ್ಕಮಠರು ಕುರ್ಚಿ ಬಿಟ್ಟು ಎದ್ದು ನಿಂತರು.

ನನಗೆ ಆಗ ಹೊಳೆಯಿತು, ಇಂದ್ರವ್ವ ಈ ಓಟವನ್ನು ಎಂದೂ ನೋಡಿಯೇ ಇಲ್ಲ ಎಂದು. ಕೊಟ್ಟ ಅಪ್ಪನ ನೆನಪು ಅವಳಿಗಿಲ್ಲ. ಆಮೇಲೆ ಅದು ಅವಳದೇ ಮೈಯಲ್ಲಿತ್ತು. ಊರೆಲ್ಲ ಕಂಡದ್ದನ್ನು ಅವಳೊಬ್ಬಳು ಕಂಡಿರಲಿಲ್ಲ. ನಿಂತಲ್ಲೇ ನನ್ನ ಕೈ ಹಿಡಿದುಕೊಂಡಳು, ಉಗುರು ನಾಟುವಷ್ಟು ಗಟ್ಟಿಯಾಗಿ.

“ಅಕ್ಕಾರ, ಅಪ್ಪ ಹಿಂಗ ನೋಡ್ತಿದ್ದನೇನ್ರಿ?”

“ಹೌದವ್ವ” ಎಂದೆ. ನಾನೆಲ್ಲಿ ಅವನನ್ನು ಕಂಡಿದ್ದೆ? ಆದರೂ ಹೇಳಿದೆ.

ಮೈದಾನದ ಆಚೆ ತುದಿಯ ಮರಳ ಗುಡ್ಡೆಗೆ ಎಡವಿ ಬಿದ್ದ ಹೂವಕ್ಕ, ಎದ್ದು ಸೀರೆ ಕೊಡವಿಕೊಂಡು, ಏದುಸಿರು ಬಿಡುತ್ತ ನಮ್ಮ ಹತ್ತಿರ ನಡೆದು ಬಂದಳು. ಕಣ್ಣಲ್ಲಿ ನೀರು ತುಂಬಿತ್ತು.

“ಆತ ಕಾಣಲಿಲ್ರಿ ಅಕ್ಕಾರ” ಎಂದಳು. “ನಾ ಅಂದಿದ್ನಲ್ಲ, ಕಾಣಾಂಗಿಲ್ಲ ಅಂತ. ಕಾಣಲಿಲ್ಲ.” ಆಮೇಲೆ ಮಗಳ ಎರಡೂ ಜಡೆ ಹಿಡಿದು ಮುಖವನ್ನು ತನ್ನತ್ತ ಎತ್ತಿಕೊಂಡಳು. “ನೀ ಕಂಡಿ. ಓಡೋತನಕ ನನಗ ನೀನ ಕಂಡಿ ನೋಡ.” ಇಬ್ಬರೂ ಅತ್ತರು. ನಾನೂ ಅತ್ತೆ, ಮುಚ್ಚಿಟ್ಟುಕೊಳ್ಳುವುದೇನು? ಚಿಕ್ಕಮಠರು ಮಾತ್ರ ಕಣ್ಣಿಗೆ ಧೂಳು ಬಿತ್ತೆಂದು ಕನ್ನಡಕ ತೆಗೆದರು.

ಮುಂದಿನ ವಾರ ಇಂದ್ರವ್ವನಿಗೆ ನನ್ನ ಓಟ ಕೊಟ್ಟೆ. ಹಳೆಯದು ಹೋಗುವಾಗ ಅವಳ ಕತ್ತು ಒಂದೆರಡು ಸಲ ಹಿಂದೆ ತಿರುಗಲು ನೋಡಿತು. ಆಮೇಲೆ ಮುಂದೆ ನಿಂತಿತು. ಬೆನ್ನಿನಿಂದ ಕೈ ತೆಗೆದು ತಾನೊಬ್ಬಳೇ ಓಡಿದವಳು, ಅರ್ಧ ದಾರಿಯಲ್ಲಿ ಗಕ್ಕನೆ ನಿಂತು, “ಅಕ್ಕಾರ, ಎಲ್ಲಾ ಎದುರಿಗೇ ಬರ್ತೈತ್ರಿ!” ಎಂದು ಕೂಗಿದಳು. ಕಂಬ ಎದುರಿಗೆ ಬರುತ್ತದೆ, ಮರ ಎದುರಿಗೆ ಬರುತ್ತದೆ, ಪಕ್ಕಕ್ಕೆ ಸರಿದರೆ ಅದು ಸುಮ್ಮನೆ ಹೋಗಿಬಿಡುತ್ತದೆ ಎಂಬುದು ಅವಳಿಗೆ ಎಲ್ಲಕ್ಕಿಂತ ದೊಡ್ಡ ಸೋಜಿಗವಾಗಿತ್ತು.

ಗೋಡೆಯ ಹೊರಗೆ ನಿಂತಿದ್ದ ಹೂವಕ್ಕ ಈ ಸಲ ಹೊರಟುಹೋಗಲಿಲ್ಲ. ಗೇಟು ತೆರೆದು ಒಳಗೆ ಬಂದಳು. ಇಡೀ ನಾಲ್ಕನೇ ತರಗತಿ ನೋಡುತ್ತಿತ್ತು, ಗೋಡೆಯಾಚೆ ದಾರಿಹೋಕರೂ ನಿಂತಿದ್ದರು. ಅವಳು ಯಾರ ಕಡೆಗೂ ನೋಡದೆ ಮಗಳ ಮುಂದೆ ಹೋಗಿ ನಿಂತು, “ಬಾ, ಹಿಡಿ ನನ್ನ” ಎಂದು ಓಡತೊಡಗಿದಳು. ಇಂದ್ರವ್ವ ಬೆನ್ನಟ್ಟಿದಳು. ಮುಂದೆ ತಾಯಿ, ಮುಖ ಪೂರ್ತಿ ಹಿಂದೆ. ಹಿಂದೆ ಮಗಳು, ಕಣ್ಣು ನೆಟ್ಟಗೆ ಮುಂದೆ. ಇಬ್ಬರೂ ಜೋರಾಗಿ ನಗುತ್ತ ಒಬ್ಬರನ್ನೊಬ್ಬರು ನೋಡುತ್ತ ಮೈದಾನ ದಾಟುತ್ತಿದ್ದರು.

“ಅವ್ವಾ, ಮುಂದ ನೋಡ! ಗ್ವಾಡಿ ಬಂತು!” ಎಂದು ಇಂದ್ರವ್ವ ಚೀರಿದಳು.

ಹೂವಕ್ಕ ಮುಂದೆ ನೋಡಲಿಲ್ಲ. ನಾನೇ ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತೆ.